ಎರಡು ಹೊಳೆಗಳ ನಡುವಿನ ಹಕ್ಕಿ ಒಗಟುಗಳು

ಗುರುತು ಹತ್ತಿದ ಹಕ್ಕಿಯನ್ನು ಒಬ್ಬನೇ ನೋಡಿ ಸುಮ್ಮನಾಗಬಹುದು. ಗುರುತು ಹತ್ತದ ಹಕ್ಕಿಗೆ ಇನ್ನೊಬ್ಬರು ಬೇಕು. ಹಕ್ಕಿ ನೋಡುವವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದೆಲ್ಲ ಹೆಚ್ಚುಕಡಿಮೆ ಮೂರು ಪ್ರಶ್ನೆಗಳಲ್ಲಿ ಅಡಗುತ್ತದೆ: ಇದು ಯಾವ ಹಕ್ಕಿ, ಈ ಕೂಗು ಯಾವುದರದು, ಇದಕ್ಕೆ ಏನಾಗಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಯಲ್ಲಿ ಈ ಮೂರಕ್ಕೂ ಬರವಿಲ್ಲ. ರಾಯಚೂರಿನಿಂದ ತೆಂಕಣಕ್ಕೆ ಗಿಲ್ಲೆಸುಗೂರು, ಅಲ್ಲಿಂದ ತುಂಗಭದ್ರೆಯ ದಂಡೆ, ಪಡುವಣಕ್ಕೆ ಮಾನ್ವಿ, ಮತ್ತೆ ಬಡಗಣಕ್ಕೆ ದೇವದುರ್ಗ ಮತ್ತು ಕೃಷ್ಣೆ: ಹೀಗೆ ಒಂದು ಸುತ್ತು ಹಾಕಿದರೆ ನೆಲ ಬದಲಾದಂತೆ ಒಗಟಿನ ಬಗೆಯೂ ಬದಲಾಗುತ್ತ ಹೋಗುತ್ತದೆ.

ಒಗಟುಗಳು ಇಷ್ಟು ದಟ್ಟವಾಗಲು ಒಂದು ಕಾರಣ ನೀರು. ಸಲೀಂ ಅಲಿಯವರು ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದ್ದು 1931-32ರಲ್ಲಿ. ಆಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ತುಂಗಭದ್ರೆಗೆ ಅಣೆಕಟ್ಟು ಇರಲಿಲ್ಲ. 1953ರಲ್ಲಿ ಅಣೆಕಟ್ಟು ಕೆಲಸ ಮಾಡತೊಡಗಿದ ಮೇಲೆ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳ ಒಣಬೇಸಾಯಕ್ಕೆ ನೀರು ತಂದಿತು. ಜೋಳ, ಶೇಂಗಾ, ಹತ್ತಿ ಇದ್ದಲ್ಲಿ ನೆಲ್ಲು ಬಂತು. ನೆಲ್ಲು ಬೆಳೆಯಬಲ್ಲವರು ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಯನ್ನೂ ಹಸಿರು ಮಾಡಿತು. ಜನ ಬದಲಾದ ಹಾಗೆ ಹಕ್ಕಿಗಳೂ ಬದಲಾದವು. ಒಣ ಬಯಲಿನ ಹಕ್ಕಿಯ ಪಾಲಿಗೆ ಹೊಲ ಕೈತಪ್ಪಿತು, ಕೆಸರಿನ ಹಕ್ಕಿಯ ಪಾಲಿಗೆ ಹೊಸ ಊಟದ ಬಯಲು ತೆರೆಯಿತು. ಹಳೆಯ ಪುಸ್ತಕವನ್ನಷ್ಟೇ ನಂಬಿ ಈ ಸೀಮೆಯಲ್ಲಿ ಓಡಾಡುವವರು ಗೊಂದಲಕ್ಕೆ ಬೀಳುವುದು ಇಲ್ಲೇ.

ರಾಯಚೂರಿನಿಂದ ಯರಗೇರಾ ದಾಟಿ ಮಂತ್ರಾಲಯದ ಕಡೆ ಹೋಗುವ ರಸ್ತೆಯಲ್ಲಿ ಗಿಲ್ಲೆಸುಗೂರು ಸಿಗುತ್ತದೆ. ಯಾತ್ರಿಕರ ವಾಹನಗಳು ಇಲ್ಲಿ ನಿಲ್ಲದೆ ಹೊಳೆಯತ್ತ ಓಡುತ್ತವೆ. ಹಕ್ಕಿ ನೋಡುವವರಿಗೆ ನಿಲ್ಲಬೇಕಾದ ಜಾಗವೇ ಇದು. ಚಳಿಗಾಲದಲ್ಲಿ ನೀರು ನಿಂತ ಗದ್ದೆಯ ಬದುವಿನ ಮೇಲೆ ಅರ್ಧ ಗಂಟೆ ಕುಳಿತರೆ ಸಾಕು, ಮೊದಲ ಒಗಟು ತಾನಾಗಿ ಎದುರಾಗುತ್ತದೆ. ಕೆಸರಿನಲ್ಲಿ ಬಾಲ ಕುಣಿಸುತ್ತ ಓಡಾಡುವ, ಬೆನ್ನು ಕಂದು, ಹೊಟ್ಟೆ ಬಿಳುಪಾದ ಸಣ್ಣ ಗದ್ದೆಗೊರವ. ಅಡವಿ ಗದ್ದೆಗೊರವವೋ ಹಸಿರು ಗದ್ದೆಗೊರವವೋ? ಎರಡೂ ಉತ್ತರದ ಶೀತ ದೇಶಗಳಿಂದ ಬರುವ ವಲಸಿಗರು, ಎರಡೂ ಒಂದೇ ಗದ್ದೆಯಲ್ಲಿ ಇರಬಹುದು. ಕುಳಿತ ಹಕ್ಕಿಯ ಚಿತ್ರವೊಂದನ್ನು ತೆಗೆದು ಗೆಳೆಯರಿಗೆ ಕಳಿಸಿದರೆ ಹತ್ತು ನಿಮಿಷದಲ್ಲಿ ಎರಡೂ ಹೆಸರುಗಳು ವಾಪಸು ಬರುತ್ತವೆ. ಅನುಭವಿಗಳು ಹೆಸರಿನ ಬದಲು ಪ್ರಶ್ನೆ ಕಳಿಸುತ್ತಾರೆ: ಹಾರುವಾಗ ರೆಕ್ಕೆಯ ಅಡಿ ಕಪ್ಪಾಗಿತ್ತೋ, ಮಾಸಲು ಬಿಳುಪಾಗಿತ್ತೋ? ಹುಬ್ಬಿನ ಬಿಳಿ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿತ್ತೋ, ಕಣ್ಣಿನ ಮುಂದೆಯೇ ನಿಂತಿತ್ತೋ? ಎದ್ದಾಗ ಏನು ಕೂಗಿತು? ರೆಕ್ಕೆಯಡಿ ಕಪ್ಪು, ಹುಬ್ಬು ಗಿಡ್ಡ, ಎದ್ದಾಗ ಬೆನ್ನಡಿಯ ಬಿಳುಪು ಕಣ್ಣಿಗೆ ರಾಚಿದರೆ ಹಸಿರು ಗದ್ದೆಗೊರವ. ಹುಬ್ಬು ಉದ್ದ, ಕಾಲು ಹಳದಿಗೆ ತಿರುಗಿದ್ದು, ಬೆನ್ನ ಮೇಲೆ ಚುಕ್ಕೆ ದಟ್ಟವಾಗಿದ್ದು, ಗಾಬರಿಯಾದಾಗ ಸಣ್ಣ ದನಿಯಲ್ಲಿ ‘ಚಿಫ್-ಇಫ್-ಇಫ್’ ಎಂದರೆ ಅಡವಿ ಗದ್ದೆಗೊರವ. ಕೂತ ಹಕ್ಕಿಯ ಚಿತ್ರ ಹೇಳದ್ದನ್ನು ಹಾರಿದ ಹಕ್ಕಿಯ ಒಂದು ಕೂಗು ಹೇಳಿಬಿಡುತ್ತದೆ.

ಅದೇ ಕೆಸರಿನಲ್ಲಿ ರಫ್ ಎಂಬ ಗೊರವ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಗಂಡು ಹೆಣ್ಣಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಹಿಂಡಿನಲ್ಲಿ ಎರಡು ಗಾತ್ರದ ಹಕ್ಕಿಗಳನ್ನು ಕಂಡವರು ಎರಡು ಜಾತಿ ಎಂದು ಬರೆದುಕೊಳ್ಳುವುದು ಸಹಜ. ಹೀಗೆ ಜಾತಿಯೊಳಗಿನ ವ್ಯತ್ಯಾಸವೇ ಬೇರೆ ಜಾತಿಯ ವೇಷ ಹಾಕುವುದು ಊರ ಹಕ್ಕಿಗಳಲ್ಲೂ ಉಂಟು. ಬೆಳ್ಳಕ್ಕಿಗೆ ಮಳೆಗಾಲದ ಹೊತ್ತಿಗೆ ತಲೆ, ಕುತ್ತಿಗೆ, ಬೆನ್ನು ಕೇಸರಿಯಾಗುತ್ತದೆ. ವರ್ಷವಿಡೀ ಎಮ್ಮೆಯ ಬೆನ್ನ ಮೇಲೆ ಅದನ್ನೇ ನೋಡಿದವರೂ ‘ಇದ್ಯಾವ ಹೊಸ ಕೊಕ್ಕರೆರೀ’ ಎನ್ನುತ್ತಾರೆ. ಗರಿ ಉದುರುವ ಕಾಲಕ್ಕೋ ಚರ್ಮದ ಹುಳುವಿನ ಕಾಟಕ್ಕೋ ಗೊರವಂಕದ ತಲೆ ಪೂರ್ತಿ ಬೋಳಾಗಿ ಹಳದಿ ಚರ್ಮ ಕಾಣುವುದುಂಟು. ಅದನ್ನು ರಣಹದ್ದಿನ ಮರಿ ಎಂದವರಿದ್ದಾರೆ. ಬಿಳಿ ಕಾಗೆ ಕಂಡರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅದರ ಕಣ್ಣು ಕೆಂಪಾಗಿದ್ದರೆ ಬಣ್ಣದ ಕಣಗಳು ಹುಟ್ಟಿನಿಂದಲೇ ಇಲ್ಲ, ಕಣ್ಣು ಕಪ್ಪಾಗಿಯೇ ಇದ್ದರೆ ಗರಿಗಷ್ಟೇ ಬಣ್ಣ ಸೇರಿಲ್ಲ. ಬಿಳಿ ಕಾಗೆಯ ಚಿತ್ರ ಕಳಿಸಿದವರಿಗೆ ಮೊದಲು ಬರಬೇಕಾದ ಪ್ರಶ್ನೆಯೂ ಕಣ್ಣಿನದೇ.

ಇಂಥ ಪ್ರಶ್ನೋತ್ತರ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಜಫರ್ ಫತೇಹಲ್ಲಿಯವರು 1959ರಲ್ಲಿ ಆರಂಭಿಸಿದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಪತ್ರಿಕೆಯ ಬಹುಪಾಲು ಹವ್ಯಾಸಿಗಳ ಪತ್ರಗಳೇ: ಹಿತ್ತಲಲ್ಲಿ ಕಂಡ ವಿಚಿತ್ರ ನಡವಳಿಕೆ, ಹೊತ್ತಲ್ಲದ ಹೊತ್ತಿನ ವಲಸೆ, ಹೆಸರು ಹಚ್ಚಲಾಗದ ಕೂಗು. ಒಂದು ಸಂಚಿಕೆಯ ಪ್ರಶ್ನೆಗೆ ಉತ್ತರ ಬರಲು ತಿಂಗಳುಗಳು ಹಿಡಿಯುತ್ತಿದ್ದವು. ಮುಂದೆ ಈ ಪತ್ರಿಕೆ ಬೆಂಗಳೂರಿನಿಂದ ಹೊರಬರತೊಡಗಿತು. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಹುಟ್ಟಿದ್ದು 1972ರಲ್ಲಿ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಎಷ್ಟೋ ಊರುಗಳ ಓದುಗರ ಕೈಗೆ ಮೊದಲ ಬಾರಿ ತಮ್ಮ ನುಡಿಯ ಹಕ್ಕಿ ಪುಸ್ತಕ ಕೊಟ್ಟಿತು. ಈಗ ಉತ್ತರ ನಿಮಿಷದಲ್ಲಿ ಬರುತ್ತದೆ. ವೇಗದ ಜೊತೆ ಬಂದಿರುವ ಕೆಟ್ಟ ಚಾಳಿ ಎಂದರೆ ಕಾರಣ ಹೇಳದೆ ಹೆಸರಷ್ಟೇ ಎಸೆದು ಹೋಗುವುದು. ಹಳೆಯ ಪತ್ರಗಳಲ್ಲಿ ಗಾತ್ರ, ಕೊಕ್ಕು, ಕಾಲು, ನಡಿಗೆ, ಜಾಗ, ಹೊತ್ತು ಇವೆಲ್ಲ ಮೊದಲು ಬಂದು ಹೆಸರು ಕೊನೆಗೆ ಬರುತ್ತಿತ್ತು. ಆ ಕ್ರಮವೇ ಮೇಲು. ಹೆಸರು ತಪ್ಪಿದರೂ ವಿವರ ಉಳಿಯುತ್ತದೆ, ಉಳಿದ ವಿವರದಿಂದ ಇನ್ನೊಬ್ಬರು ಸರಿಯಾದ ಹೆಸರಿಗೆ ಬರಬಲ್ಲರು.

ಗಿಲ್ಲೆಸುಗೂರಿನಿಂದ ಹೊಳೆಯ ಕಡೆ ಇಳಿದರೆ ಬಿಚ್ಚಾಲಿ. ರಾಘವೇಂದ್ರ ಸ್ವಾಮಿಗಳ ಶಿಷ್ಯ ಅಪ್ಪಣಾಚಾರ್ಯರ ಊರೆಂದು ಹೆಸರಾದ ಈ ಜಾಗದಲ್ಲಿ ಹಗಲಿಗಿಂತ ಇರುಳು ಹೆಚ್ಚು ಪ್ರಶ್ನೆ ಕೇಳುತ್ತದೆ. ಹಳೆಯ ಮಾಳಿಗೆ ಮನೆ, ಗುಡಿಯ ಗೋಪುರ, ಪಾಳುಬಿದ್ದ ಗೋದಾಮು ಎಲ್ಲಿದ್ದರೂ ಅಲ್ಲಿ ಕಣಜ ಗೂಬೆ ಇರಬಹುದು. ಅದು ಇತರ ಗೂಬೆಗಳಂತೆ ಗೂಕರಿಸುವುದಿಲ್ಲ, ಕರ್ಕಶವಾಗಿ ಕಿರುಚುತ್ತದೆ. ಮರಿಗಳು ಹಸಿದಾಗ ರಾತ್ರಿಯೆಲ್ಲ ಗೊರಕೆಯಂತೆ ಬುಸುಗುಟ್ಟುತ್ತವೆ. ಮಾಳಿಗೆಯ ಮೇಲೆ ದೆವ್ವ ಇದೆ ಎಂದು ಮನೆ ಬಿಡಲು ಹೊರಟವರ ಕತೆಗಳ ಹಿಂದೆ ಬಹಳ ಸಲ ಈ ಮರಿಗಳೇ ಇರುತ್ತವೆ. 2017ರಲ್ಲಿ ವಿಶಾಖಪಟ್ಟಣದ ಕಟ್ಟಡವೊಂದರಲ್ಲಿ ನೆಟ್ಟಗೆ ನಿಂತ ಮೂರು ಕಣಜ ಗೂಬೆ ಮರಿಗಳ ವಿಡಿಯೊ ಅನ್ಯಗ್ರಹದ ಜೀವಿಗಳೆಂದು ದೇಶವೆಲ್ಲ ಓಡಾಡಿತು. ಗರಿ ಪೂರ್ತಿ ಮೂಡದ, ಮುಖವಷ್ಟೇ ಬೆಳ್ಳಗಿರುವ ಮರಿಯನ್ನು ಮೊದಲ ಬಾರಿ ನೋಡಿದವರನ್ನು ಅದಕ್ಕಾಗಿ ಹೆಚ್ಚು ಬಯ್ಯುವಂತಿಲ್ಲ.

ಸಣ್ಣ ಗೂಬೆಯ, ಅಂದರೆ ಹಾಲಕ್ಕಿಯ, ಮಾತು ಬೇರೆ. ಅದರ ನುಡಿ ಕೇಳಿ ಶಕುನ ಹೇಳುವ ಬುಡಬುಡಿಕೆಯವರು ನಸುಕಿನಲ್ಲಿ ಮನೆ ಮುಂದೆ ನಿಂತು ಶುಭ ನುಡಿಯುವುದು ಈ ಭಾಗದವರಿಗೆ ಗೊತ್ತು. ಅವರು ಹಕ್ಕಿಯ ಭಾಷೆ ಬಲ್ಲರೋ ಇಲ್ಲವೋ, ಯಾವ ಹುಣಸೆಮರದ ಪೊಟರೆಯಲ್ಲಿ ಅದು ಇದೆ, ಯಾವ ಜಾವದಲ್ಲಿ ಕೂಗುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲರು. ಹಕ್ಕಿ ನೋಡುವ ಪಟ್ಟಣಿಗರು ಈ ಅರಿವನ್ನು ಕೇಳಿಸಿಕೊಂಡದ್ದು ಕಡಿಮೆ.

ಹೊಳೆ ದಾಟಿದರೆ ಆಂಧ್ರ. ಹೊಳೆಯ ಮೇಲ್ಗಡೆ ಎದುರು ದಂಡೆಯಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ಈ ಎರೆಭೂಮಿಯ ಬಯಲಿನಲ್ಲಿ ಚಳಿಗಾಲದ ದೊಡ್ಡ ಒಗಟು ಸೆಳೆವ. ಬೆಳೆಯ ಮೇಲೆ ತೀರ ಕೆಳಗೆ, ರೆಕ್ಕೆಯನ್ನು ಮೇಲಕ್ಕೆತ್ತಿ ತೇಲುವ ಈ ಬೇಟೆಹಕ್ಕಿಗಳಲ್ಲಿ ಗಂಡುಗಳ ಗುರುತು ಕಷ್ಟವಲ್ಲ. ಮೊಂಟಾಗು ಸೆಳೆವದ ಗಂಡಿಗೆ ರೆಕ್ಕೆಯ ಮೇಲೆ ಕಪ್ಪು ಪಟ್ಟಿ ಇರುತ್ತದೆ, ಮಾಸಲು ಸೆಳೆವದ ಗಂಡಿಗೆ ತುದಿಯಲ್ಲಿ ಮಾತ್ರ ಕಪ್ಪು ಮೊಳೆಯಂಥ ಗುರುತು. ಹೆಣ್ಣು ಮತ್ತು ಎಳೆಯವು ಮಾತ್ರ ಎರಡು ಜಾತಿಯಲ್ಲೂ ಕಂದು, ಸೊಂಟಕ್ಕೆ ಬಿಳಿ ಪಟ್ಟಿ, ಬಾಲಕ್ಕೆ ಅಡ್ಡಗೆರೆ. ಕೆನ್ನೆಯ ಕಪ್ಪಿನ ಹಿಂದೆ ಬಿಳಿ ಕೊರಳಪಟ್ಟಿ ಸ್ಪಷ್ಟವಾಗಿದ್ದು, ಅದರ ಹಿಂದೆ ಕುತ್ತಿಗೆ ಕಡುಗಂದಾಗಿದ್ದರೆ ಮಾಸಲು ಸೆಳೆವದ ಕಡೆ ವಾಲಬಹುದು. ಕೊರಳಪಟ್ಟಿ ಇಲ್ಲದೆ ಕಣ್ಣಿನ ಸುತ್ತ ಬಿಳುಪು ಹೆಚ್ಚಿದ್ದರೆ ಮೊಂಟಾಗು. ದೂರದಿಂದ ಸರಿದು ಹೋದ ಹಕ್ಕಿಯಲ್ಲಿ ಇಷ್ಟನ್ನು ಕಾಣಲು ಆಗುವುದೇ ಇಲ್ಲ. ಇಬ್ಬರು ಹೊಲದ ಎರಡು ಬದಿಗೆ ನಿಂತರೆ ಒಬ್ಬರಿಗೆ ಮುಖ, ಇನ್ನೊಬ್ಬರಿಗೆ ರೆಕ್ಕೆಯಡಿ ಸಿಗುತ್ತದೆ. ಅಷ್ಟಾದರೂ ಸಂಶಯ ಉಳಿದರೆ ಹಕ್ಕಿ ನೋಡುವವರ ಜಾಲತಾಣವಾದ ಇ-ಬರ್ಡ್ ದಾಖಲೆಯಲ್ಲಿ ‘ಮಾಸಲು ಅಥವಾ ಮೊಂಟಾಗು’ ಎಂದೇ ಬರೆಯಲು ಅವಕಾಶವಿದೆ. ಹೊಸಬರು ಇದನ್ನು ಸೋಲೆಂದು ತಿಳಿಯುತ್ತಾರೆ, ಆದರೆ ಬಲವಂತದ ಹೆಸರಿಗಿಂತ ಇದರ ಬೆಲೆ ಹೆಚ್ಚು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಟ್ರಾನ್ಸ್‌ಮಿಟರ್ ಕಟ್ಟಿದ ಮೊಂಟಾಗು ಸೆಳೆವ ಕಜಾಕಸ್ತಾನದ ಹುಲ್ಲುಗಾವಲಿಗೆ ಮರಳಿದ್ದು ಗೊತ್ತಾದ ಮೇಲಂತೂ ಇಲ್ಲಿಯ ಒಂದು ತಪ್ಪು ಗುರುತು ಅಷ್ಟು ದೂರದ ಲೆಕ್ಕವನ್ನೂ ಕೆಡಿಸಬಲ್ಲದು ಎಂಬುದು ಸ್ಪಷ್ಟವಾಗಿದೆ.

ಸಿರುಗುಪ್ಪದ ಎರೆ ಹೊಲಗಳಲ್ಲಿ ಎರೆಭೂತ ಬೆರಳೆಣಿಕೆಯಷ್ಟು ಉಳಿದಿದೆ. ಕರ್ನಾಟಕದಲ್ಲಿ ಈ ದೊಡ್ಡ ಹಕ್ಕಿಗೆ ಉಳಿದ ಕೊನೆಯ ನೆಲೆ ಅದು. 2011ರಿಂದ ಅಳಿವಿನ ಅಂಚಿನ ಅತ್ಯಂತ ಅಪಾಯದ ಪಟ್ಟಿಯಲ್ಲಿರುವ ಇದನ್ನು ಹುಡುಕಿಕೊಂಡು ಕ್ಯಾಮೆರಾ ಹಿಡಿದವರು ಬರುತ್ತಾರೆ. ಇಂಥಲ್ಲಿ ಸಹಾಯದ ರೂಪವೇ ಬೇರೆ. ಕುರಿಗಾಹಿಗಳು ಕಂಡದ್ದನ್ನು ಅರಣ್ಯ ಇಲಾಖೆಗೂ ನಂಬಿಕಸ್ತರಿಗೂ ಹೇಳಬೇಕು, ಉಳಿದವರಿಗೆ ಹೇಳಬಾರದು. ಇ-ಬರ್ಡ್ ಕೂಡ ಈ ಹಕ್ಕಿಯ ಜಾಗವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ಗುಟ್ಟು ಕಾಯುವುದೂ ಹಕ್ಕಿ ನೋಡುವವರ ನಡುವಿನ ಒಪ್ಪಂದದ ಭಾಗ.

ಮಾನ್ವಿಯ ಕಡೆ ಬಂದರೆ ಕಾಲುವೆ, ನೆಲ್ಲು, ಕೋಳಿ ಫಾರ್ಮು. ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ರಾಜೋಳಿಬಂಡಾ ಅಣೆಕಟ್ಟು ಇದೇ ತಾಲ್ಲೂಕಿನಲ್ಲಿದೆ. ವಿಜಯದಾಸರ ಚೀಕಲಪರ್ವಿಯೂ ಇದೇ ಹೊಳೆಯ ದಂಡೆಯಲ್ಲಿದೆ. ಇಲ್ಲಿಯ ಹೊಲಗಳ ನಡುವೆ ಮೂರನೆಯ ಪ್ರಶ್ನೆ, ಅಂದರೆ ಕಾಯಿಲೆಯ ಪ್ರಶ್ನೆ, ಮುಂದೆ ಬರುತ್ತದೆ. ಮೂರರಲ್ಲಿ ಇದೇ ಕಷ್ಟದ್ದು; ಕಣ್ಣಳತೆಯ ಉತ್ತರ ಇಲ್ಲಿ ನಡೆಯುವುದಿಲ್ಲ.

ಕತ್ತು ನಿಲ್ಲಿಸಲಾಗದೆ, ಕಾಲು ಮಡಿಸಿ ಬಿದ್ದ ಹಕ್ಕಿ ಎಂದುಕೊಳ್ಳಿ. ಹತ್ತಿ ಅಥವಾ ಮೆಣಸಿನಕಾಯಿ ಹೊಲಕ್ಕೆ ಹೊಡೆದ ಮೊನೊಕ್ರೊಟೊಫಾಸ್‌ನಂಥ ಔಷಧಿ ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕೆಡಿಸುತ್ತದೆ. ಸ್ನಾಯುಗಳು ಅದುರಿ ಕೊನೆಗೆ ಉಸಿರು ಕಟ್ಟುತ್ತದೆ. ಕೊಳೆತ ಕೆರೆಯ ಬ್ಯಾಕ್ಟೀರಿಯಾ ಮಾಡುವ ಬೊಟುಲಿನಂ ವಿಷ ಸ್ನಾಯುಗಳನ್ನು ಸಡಿಲಗೊಳಿಸಿ ಕತ್ತನ್ನು ಜೋಲಿಸುತ್ತದೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18,000ಕ್ಕೂ ಹೆಚ್ಚು ಹಕ್ಕಿಗಳು ಸತ್ತದ್ದು ಇದರಿಂದ. ಕೋಳಿ ಸಾಕುವವರು ಕೊಕ್ಕರೆ ರೋಗ ಎನ್ನುವ ರಾಣಿಖೇತದ ಹತ್ತಿರದ ಸಂಬಂಧಿಯಾದ ವೈರಸ್ ಪಾರಿವಾಳದ ಕತ್ತನ್ನು ತಿರುಚುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬರೀ ಬಿಸಿಲೇ ಹದ್ದನ್ನು ನೆಲಕ್ಕೆ ಬೀಳಿಸಬಲ್ಲದು. ನಾಲ್ಕರಲ್ಲೂ ಹಕ್ಕಿ ನೆಲದ ಮೇಲೆ ಒದ್ದಾಡುತ್ತದೆ, ಫೋಟೊದಲ್ಲಿ ನಾಲ್ಕೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಚಿತ್ರಕ್ಕಿಂತ ಸುತ್ತಣ ವಿವರ ಮುಖ್ಯ: ಎಷ್ಟು ಹಕ್ಕಿ, ಯಾವ ಯಾವ ಜಾತಿ, ಒಂದೇ ದಿನವೋ ದಿನಕ್ಕಿಷ್ಟೋ, ಹತ್ತಿರದ ಹೊಲಕ್ಕೆ ಯಾವಾಗ ಏನು ಹೊಡೆದರು, ಪಕ್ಕದ ಮನೆಯ ಕೋಳಿ ಹೇಗಿದೆ. ನವಿಲು, ಬೆಳವ, ಗುಬ್ಬಿಯಂಥ ಕಾಳು ತಿನ್ನುವ ಹಕ್ಕಿಗಳಷ್ಟೇ ಒಂದೇ ಬೆಳಿಗ್ಗೆ ಸತ್ತಿದ್ದರೆ ಬಿತ್ತನೆ ಬೀಜದ ಮೇಲೆ ಅನುಮಾನ. ನೀರಹಕ್ಕಿಗಳು ವಾರಗಟ್ಟಲೆ ಸಾಯುತ್ತಿದ್ದರೆ ಕೆರೆಯ ಮೇಲೆ. ಇವನ್ನು ಹೊಲದವರೇ ಹೇಳಬಲ್ಲರು. ಔಷಧಿ ಹೊಡೆದ ರೈತ ಹೆದರಿ ಬಾಯಿ ಮುಚ್ಚಿಕೊಳ್ಳುವಂತೆ ಕೇಳಿದರೆ ಉತ್ತರ ಸಿಗದು. ಕೇಳುವ ದನಿಯ ಮೇಲೆ ರೋಗಪತ್ತೆಯ ಅರ್ಧ ನಿಂತಿದೆ.

ಉಳಿದರ್ಧ ಪ್ರಯೋಗಾಲಯದ್ದು. ಕರ್ನಾಟಕದಲ್ಲಿ ಹಕ್ಕಿ ಜ್ವರದ ಅನುಮಾನ ಬಂದರೆ ಪಶುವೈದ್ಯ ಇಲಾಖೆ ತೆಗೆದ ಮಾದರಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ, ಖಚಿತಪಡಿಸಲು ಭೋಪಾಲದ ರಾಷ್ಟ್ರೀಯ ಅತಿ ಭದ್ರತೆಯ ಪ್ರಾಣಿರೋಗ ಸಂಸ್ಥೆಗೆ ಹೋಗುತ್ತದೆ. ಭಾರತದಲ್ಲಿ ಎಚ್5ಎನ್1 ಹಕ್ಕಿ ಜ್ವರ ಮೊದಲು ಕಂಡದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿಗಳಲ್ಲಿ; ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2025ರ ಆರಂಭದಲ್ಲಿ ರಾಯಚೂರಿಗೆ ದೂರವಲ್ಲದ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲೂ ಕಾಣಿಸಿತು. ಕಾಡುಹಕ್ಕಿಗಳಲ್ಲಿ ದೊಡ್ಡ ಸಾವು 2020ರ ಕೊನೆಯಿಂದ ಹಿಮಾಚಲದ ಪೊಂಗ್ ಜಲಾಶಯದಲ್ಲಿ. ಸತ್ತವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಹೆಚ್ಚು. ಹೀಗಿರುವಾಗ ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳುವ ಉತ್ಸಾಹಿಯನ್ನು ತಡೆಯುವುದು ಗೆಳೆಯರ ಮೊದಲ ಕೆಲಸ. ಬದುಕಿರುವ ಹಕ್ಕಿಗಾದರೆ ಗಾಳಿಯಾಡುವ ರಟ್ಟಿನ ಡಬ್ಬಿ, ನೆರಳು, ಮೌನ. ಕೊಕ್ಕು ಬಿಡಿಸಿ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ಹಕ್ಕಿ ಸಾಯುತ್ತದೆ. ರೆಕ್ಕೆ ಬಲಿಯುತ್ತಿರುವ ಮರಿ ನೆಲದ ಮೇಲಿದ್ದರೆ ಅದು ರೋಗಿಯಲ್ಲ, ಹಾರಲು ಕಲಿಯುತ್ತಿದೆ, ತಾಯಿ ಹತ್ತಿರದಲ್ಲೇ ಇರುತ್ತದೆ. ಕಾಡುಹಕ್ಕಿಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧವೂ ಹೌದು.

ಕಾಯಿಲೆಯ ಒಗಟನ್ನು ಊರವರೇ ಸೇರಿ ಎದುರಿಸಿದ ಮಾದರಿ ಬೇಕೆಂದರೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ನೋಡಬೇಕು. ಅರಣ್ಯಾಧಿಕಾರಿಯೂ ಪಕ್ಷಿತಜ್ಞರೂ ಆಗಿದ್ದ ಎಸ್.ಜಿ. ನೇಗಿನಹಾಳರು 1976ರಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಈ ಊರನ್ನು ಹೊರಗಿನ ಲೋಕಕ್ಕೆ ಪರಿಚಯಿಸಿದರು. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್‌ನ ಕೆ. ಮನು ಅವರ ಒಡನಾಟದಲ್ಲಿ 1994ರಲ್ಲಿ ಊರ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಸಾಕಿ, ಮೀನು ತಿನ್ನಿಸಿ, ಹಾರಬಿಟ್ಟರು. 2017ರ ಕೊನೆಯಿಂದ ಅಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದಾಗ ಮೊದಲು ಎದ್ದದ್ದು ಹಕ್ಕಿ ಜ್ವರದ ಭಯ. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ಸಿಕ್ಕದ್ದು ದುಂಡುಹುಳುಗಳ ಮುದ್ದೆ. ಮೀನಿನ ಮೂಲಕ ಹಕ್ಕಿಗೆ ಸೇರುವ ಹುಳು. ಕಣ್ಣಿಗೆ ಬೀಳುವ ಬೇನೆಗೂ ನಿಜವಾದ ಕಾರಣಕ್ಕೂ ಎಷ್ಟು ದೂರ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಅನುಮಾನ ತಪ್ಪಾದರೂ ಒಳ್ಳೆಯ ಫಲ ಕೊಟ್ಟ ಉದಾಹರಣೆಯೂ ಕರ್ನಾಟಕದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಜನಕ್ಕೂ ಜ್ವರ ಬಂದಾಗ, ಅದರ ವೈರಸ್ ರಷ್ಯಾದ ಉಣ್ಣೆಜ್ವರದ ವೈರಸ್ಸಿಗೆ ಹತ್ತಿರದ್ದೆಂದು ತಿಳಿಯಿತು. ವಲಸೆ ಹಕ್ಕಿಗಳೇ ಹೊತ್ತು ತಂದಿರಬಹುದೆ? ಈ ಪ್ರಶ್ನೆಯ ಬೆನ್ನು ಹತ್ತಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ದೊಡ್ಡದಾಗಿ ಕೈಗೊಂಡಿತು. ಹಕ್ಕಿಗಳು ರೋಗ ತಂದವೆಂದು ಸಾಬೀತಾಗಲೇ ಇಲ್ಲ. ಉಣ್ಣೆಗಳೇ ಹರಡುವ ರೋಗವದು. ಆದರೆ ಭಾರತಕ್ಕೆ ಬರುವ ಹಕ್ಕಿಗಳ ವಲಸೆ ದಾರಿಯ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಬಹಳಷ್ಟು ಆ ಉಂಗುರಗಳಿಂದ ಬಂದದ್ದು.

ಮಾನ್ವಿಯಿಂದ ಸಿರವಾರ ಹಾದು ದೇವದುರ್ಗದ ಕಡೆ ಹೋಗುವಾಗ ಕಾಲುವೆ ತಲುಪದ ಮಸಾರಿ ನೆಲ, ಕಲ್ಲುಗುಂಡಿನ ಗುಡ್ಡ, ಕುರುಚಲು ಕಂಟಿ ಕಾಣತೊಡಗುತ್ತವೆ. ಇದು ಕೂಗಿನ ಒಗಟಿನ ಸೀಮೆ. ಕಂದು ಬಣ್ಣದ ನೆಲಗುಬ್ಬಿಗಳನ್ನು ಗರಿ ನೋಡಿ ಬೇರ್ಪಡಿಸುವುದು ಪಳಗಿದವರಿಗೂ ಸುಲಭವಲ್ಲ. ಪೊದೆ ನೆಲಗುಬ್ಬಿಗಳ ಒಂದು ಗುಂಪನ್ನು ಬಹಳ ಕಾಲ ಒಂದೇ ಜಾತಿ ಎಂದು ಎಣಿಸಲಾಗಿತ್ತು. ಸ್ವೀಡನ್ನಿನ ಪೆರ್ ಆಲ್‌ಸ್ಟ್ರೋಮ್ 1998ರಲ್ಲಿ ಮುಖ್ಯವಾಗಿ ಹಾಡು ಮತ್ತು ಹಾಡುವಾಗಿನ ಹಾರಾಟವನ್ನು ಹೋಲಿಸಿ ಅದರೊಳಗೆ ಹಲವು ಜಾತಿಗಳಿವೆ ಎಂದು ತೋರಿಸಿದರು. ನಮ್ಮ ಕಡೆಯ ಜೆರ್ಡನ್ ನೆಲಗುಬ್ಬಿ ಅದರಲ್ಲೊಂದು. ಅದು ಕಲ್ಲು, ಪೊದೆ, ತಂತಿಯ ಮೇಲೆ ಕುಳಿತು ಹಾಡುವುದೇ ಹೆಚ್ಚು. ಕೆಂಪು ರೆಕ್ಕೆಯ ಇಂಡಿಯನ್ ನೆಲಗುಬ್ಬಿ ಮೇಲೇರಿ, ರೆಕ್ಕೆಯೆತ್ತಿ, ಕಾಲು ಇಳಿಬಿಟ್ಟು ತೇಲುತ್ತ ಹಾಡಿ ಇಳಿಯುತ್ತದೆ. ಕುರಿ ಕಾಯುವ ಹುಡುಗನಿಗೆ ಎರಡರ ಹೆಸರೂ ಗೊತ್ತಿರಲಿಕ್ಕಿಲ್ಲ, ಯಾವುದು ಹಾರಿ ಹಾಡುತ್ತದೆ ಯಾವುದು ಕೂತು ಹಾಡುತ್ತದೆ ಎಂಬುದು ಗೊತ್ತಿರುತ್ತದೆ. ಕತ್ತಲಾದ ಮೇಲೆ ನತ್ತಿಂಗಗಳ ಸರದಿ. ಕಲ್ಲುಹಾಸಿನ ಮೇಲೆ ಬಿಟ್ಟ ಗೋಲಿ ಪುಟಿಯುತ್ತ ಪುಟಿಯುತ್ತ ಅಂತರ ಕಡಿಮೆಯಾಗಿ ಕೊನೆಗೆ ಗಿರ್ರೆಂದು ನಿಲ್ಲುವ ಸದ್ದು ಕೇಳಿದರೆ ಅದು ಇಂಡಿಯನ್ ನತ್ತಿಂಗ. ಈಗ ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಇದೆ. ಒಳ್ಳೆಯ ಸಹಾಯಕ ಅದು. ಆದರೆ ಕಾಜಾಣ ಬಿಜ್ಜುವಿನ ದನಿಯನ್ನು, ಕೀಚುಗ ಹತ್ತಾರು ಹಕ್ಕಿಗಳ ದನಿಯನ್ನು ಅಣಕಿಸುತ್ತವೆ. ಆ್ಯಪ್ ಹೆಸರು ಹೇಳಿದ ಮೇಲೂ ಮರದ ಕೆಳಗೆ ಹೋಗಿ ಯಾರು ಕೂಗಿದ್ದೆಂದು ನೋಡಿ ಬರುವವರು ಬೇಕು.

ಇಂಥದೇ ಕುರುಚಲಿನಲ್ಲಿ, ಇಲ್ಲಿಂದ ಆಗ್ನೇಯಕ್ಕೆ, ದಕ್ಷಿಣ ಭಾರತದ ಅತಿ ಹೆಸರಾದ ಹಕ್ಕಿ ಒಗಟೊಂದು ಬಿಡಿಸಿಕೊಂಡಿತು. ಸೈನ್ಯದ ವೈದ್ಯ ಟಿ.ಸಿ. ಜೆರ್ಡನ್ ಕಂಡು, 1848ರಲ್ಲಿ ಹೆಸರು ಪಡೆದ ಜೆರ್ಡನ್ ಕೋರ್ಸರ್ ಎಂಬ ಇರುಳು ಹಕ್ಕಿ 1900ರಲ್ಲಿ ಅನಂತಪುರದ ಬಳಿ ಕಂಡದ್ದೇ ಕೊನೆ. ಅಳಿಯಿತೆಂದೇ ಬಹುಮಂದಿ ಎಣಿಸಿದ್ದರು. 1986ರ ಜನವರಿಯಲ್ಲಿ ಕಡಪಾ ಜಿಲ್ಲೆಯ ರೆಡ್ಡಿಪಲ್ಲಿಯ ಬಳಿ ಅದು ಮತ್ತೆ ಸಿಕ್ಕಿತು. ಬಾಂಬೆ ಸೊಸೈಟಿಯ ಭರತ್ ಭೂಷಣ್ ಊರೂರಲ್ಲಿ ಹಕ್ಕಿಯ ಚಿತ್ರ ತೋರಿಸಿ ಕೇಳುತ್ತ ಬಂದಿದ್ದರು. ರಾತ್ರಿ ದೀಪದ ಬೆಳಕಿನಲ್ಲಿ ಅದನ್ನು ಹಿಡಿದು ತಂದವನು ಸ್ಥಳೀಯ ಬೇಟೆಗಾರ ಐತಣ್ಣ. ವಿಜ್ಞಾನ 86 ವರ್ಷ ಕಳೆದುಕೊಂಡಿದ್ದ ಹಕ್ಕಿಗೆ ಆ ಊರಲ್ಲಿ ‘ಕಲಿವಿ ಕೋಡಿ’ ಎಂಬ ಹೆಸರೇ ಇತ್ತು.

ಇದಕ್ಕೆ ಕರ್ನಾಟಕದ ಬಾಲಂಗೋಚಿಯೊಂದಿದೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಜೆರ್ಡನ್ ಕೋರ್ಸರ್‌ನದೆಂದು ಚೀಟಿ ಇದ್ದ ಒಂದು ಮೊಟ್ಟೆ ಸಿಕ್ಕಿತು. ಈ ಹಕ್ಕಿಯ ಮೊಟ್ಟೆಯನ್ನು ಅದುವರೆಗೆ ಯಾರೂ ಖಚಿತವಾಗಿ ಕಂಡಿರಲಿಲ್ಲ. ಅದನ್ನು 1917ರಲ್ಲಿ ಸಂಗ್ರಹಿಸಿದವರು ಅರ್ನೆಸ್ಟ್ ಗಿಲ್ಬರ್ಟ್ ಮೀಟನ್, ಕೋಲಾರ ಚಿನ್ನದ ಗಣಿಯಲ್ಲಿದ್ದ ಪಶುವೈದ್ಯರು. ಹಟ್ಟಿ ಚಿನ್ನದ ಗಣಿಯನ್ನು ಮಗ್ಗುಲಲ್ಲಿಟ್ಟುಕೊಂಡ ರಾಯಚೂರಿನವರಿಗೆ ಇದು ಕುತೂಹಲ ಹುಟ್ಟಿಸಬೇಕು. ಚೀಟಿಯನ್ನು ನಂಬುವುದು ಹೇಗೆ? ಮೊಟ್ಟೆಯೊಳಗಿನ ಪೊರೆಯ ಡಿಎನ್‌ಎಯನ್ನು ಇಂಗ್ಲೆಂಡಿನ ಮ್ಯೂಸಿಯಮ್ಮಿನಲ್ಲಿದ್ದ ಹಳೆಯ ಹಕ್ಕಿ ತೊಗಲಿನ ಡಿಎನ್‌ಎಗೆ ಹೋಲಿಸಿದಾಗ ತಾಳೆಯಾಯಿತು. ಗಣಿಯ ಪಶುವೈದ್ಯರು ಬರೆದಿಟ್ಟದ್ದು ಸರಿಯಾಗಿತ್ತು; ಕೇಳುವವರು ಬರಲು ಒಂದು ಶತಮಾನದ ಹತ್ತಿರ ಹಿಡಿಯಿತು.

ದೇವದುರ್ಗ ದಾಟಿದರೆ ಕೃಷ್ಣೆ. ತಿಂಥಣಿ, ಗೂಗಲ್ ಕಡೆ ಬಂಡೆಗಳ ನಡುವೆ ಹರಿಯುವ ಹೊಳೆಯಲ್ಲಿ ಬೇಸಿಗೆ ಹತ್ತಿರವಾದಂತೆ ಮರಳ ದಿಣ್ಣೆಗಳು ತಲೆಯೆತ್ತುತ್ತವೆ. ಚಳಿಗಾಲದಲ್ಲಿ ಉತ್ತರ ಕರ್ನಾಟಕದ ದೊಡ್ಡ ನೀರುಗಳಲ್ಲಿ ನೋಡಬೇಕಾದ ಹಕ್ಕಿ ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆ ಅದರ ಹೆಸರಾದ ತಂಗುದಾಣ. 2024ರಲ್ಲಿ ಈ ಕೆರೆಯೂ ತುಂಗಭದ್ರೆಯ ಆಚೆಯ ಅಂಕಸಮುದ್ರವೂ ರಾಮ್ಸಾರ್ ಪಟ್ಟಿಗೆ ಸೇರಿದವು. ಹಗಲು ನೀರಿನಲ್ಲಿ ವಿಶ್ರಮಿಸಿ, ಬೆಳಿಗ್ಗೆ ಸಂಜೆ ಹೊಲಕ್ಕಿಳಿದು ಮೇಯುವ ಹಕ್ಕಿಯಿದು. ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಟ್ರಾನ್ಸ್‌ಮಿಟರಿನಲ್ಲಿ ದಾಖಲಾಗಿದೆ.

ಮಂಗೋಲಿಯಾದ ಸರೋವರಗಳಲ್ಲಿ ಗರಿ ಉದುರಿ ಹಾರಲಾಗದ ದಿನಗಳಲ್ಲಿ ಇವನ್ನು ಹಿಡಿದು ಕೊರಳಿಗೆ ಅಕ್ಷರ-ಅಂಕಿ ಬರೆದ ಪಟ್ಟಿ ತೊಡಿಸುತ್ತಾರೆ. ಹಾಗೆ ಗುರುತು ತೊಟ್ಟ ಹೆಬ್ಬಾತುಗಳು ಮೈಸೂರಿನ ಹತ್ತಿರದ ಹದಿನಾರು ಕೆರೆಯಲ್ಲೂ ಕಂಡಿವೆ, ಅವುಗಳ ಸಂಖ್ಯೆ ಓದಿ ತಿಳಿಸಿದವರು ಅಲ್ಲಿನ ಹವ್ಯಾಸಿಗಳೇ. ಸಂಖ್ಯೆ ಓದುವುದು ಹೇಳಿದಷ್ಟು ಸುಲಭವಲ್ಲ. ನೂರಾರು ಹಕ್ಕಿಗಳಲ್ಲಿ ಪಟ್ಟಿ ತೊಟ್ಟದ್ದು ಒಂದೋ ಎರಡೋ. ಅದು ಮೇಯಲು ತಲೆ ತಗ್ಗಿಸಿದಾಗ ಪಟ್ಟಿ ಹುಲ್ಲಿನಲ್ಲಿ ಮರೆ, ಬಿಸಿಲೇರಿದರೆ ದೂರದರ್ಶಕದಲ್ಲಿ ಗಾಳಿ ಕುದಿದು 6 ಯಾವುದು 8 ಯಾವುದು ತಿಳಿಯದು, ಹತ್ತಿರ ಹೋದರೆ ಹಿಂಡೆಲ್ಲ ಏಳುತ್ತದೆ. ಇಬ್ಬರು ಬೇರೆ ಬೇರೆ ಓದಿ ಆಮೇಲೆ ತಾಳೆ ನೋಡುವುದು ರೂಢಿ. ಓದಿದ ಸಂಖ್ಯೆ, ಪಟ್ಟಿಯ ಬಣ್ಣ, ತಾರೀಖು, ಊರು, ಹಿಂಡಿನ ಗಾತ್ರ ಇಷ್ಟನ್ನು ಪಟ್ಟಿ ತೊಡಿಸಿದವರಿಗೆ ಬರೆದು ಕಳಿಸಿದರೆ, ಆ ಹಕ್ಕಿಗೆ ಯಾವ ವರ್ಷ ಯಾವ ಸರೋವರದಲ್ಲಿ ಪಟ್ಟಿ ತೊಡಿಸಿದರು, ನಡುವೆ ಎಲ್ಲೆಲ್ಲಿ ಕಂಡಿತು ಎಂಬ ವಿವರ ಅವರಿಂದ ಬರುತ್ತದೆ. ಕಳಿಸಿದ ಸಾಲು ಅದೇ ಹಕ್ಕಿಯ ಕೋಷ್ಟಕಕ್ಕೆ, ಹಿಂದೆ ಕಂಡವರ ಸಾಲುಗಳ ಕೆಳಗೆ, ಸೇರುತ್ತದೆ.